ಹಿತ್ತಲಿನ ಹಾವುಗಳನ್ನು ಗುರುತಿಸುವ ಬಗೆ

ಮುಂಗಾರಿನ ಮೊದಲ ಮಳೆಗಳು ಬಿದ್ದು ಇಲಿಯ ಬಿಲಗಳಲ್ಲಿ ನೀರು ತುಂಬುತ್ತಲೇ ನಮ್ಮ ಸೀಮೆಯ ಮನೆಮನೆಯಲ್ಲಿಯೂ ಹಾವಿನ ಮಾತು ಏಳುವದು. ಬಚ್ಚಲಲ್ಲಿ ಒಂದು ಕಂಡಿತಂತೆ, ಸೌದೆಯ ರಾಶಿಯೊಳಗೆ ಒಂದು ಹೊಕ್ಕಿತಂತೆ, ನೆರೆಮನೆಯವರು ಒಂದನ್ನು ಹೊಡೆದು ಸುಟ್ಟರಂತೆ ಎಂಬ ವರ್ತಮಾನಗಳು ಬೇಲಿಯಿಂದ ಬೇಲಿಗೆ ಹಬ್ಬುವವು. ಆದರೆ ಹೊಡೆದದ್ದು ಯಾವ ಹಾವೆಂದು ವಿಚಾರಿಸಿದರೆ, ಉದ್ದವಾಗಿತ್ತು, ಕಪ್ಪಗಿತ್ತು ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವದು ಅಪರೂಪ. ಈ ಪಾಠಶಾಲೆಯಲ್ಲಿ ಓದಿ ಈಗ ಸ್ವಂತ ಸಂಸಾರಗಳನ್ನು ನಡಿಸುತ್ತಿರುವ ನಮ್ಮ ಸಹೋದರಿಯರೂ, ಹುಡುಗಿಯರನ್ನು ನಮ್ಮ ಬಳಿಗೆ ಕಳುಹಿಸುವ ತಂದೆತಾಯಿಗಳೂ ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ತಿಳಿದಿರಬೇಕೆಂದು ನಮಗೆ ತೋರುವದರಿಂದ, ಮನೆಯ ಸುತ್ತಮುತ್ತ ಕಾಣಸಿಗುವ ಹಾವುಗಳ ಕುರಿತು ಕೆಲವು ಮಾತುಗಳನ್ನು ಬರೆಯಲು ಮನಸ್ಸು ಮಾಡಿದ್ದೇವೆ.

ಇದು ಬರಿಯ ಕುತೂಹಲದ ವಿಷಯವಲ್ಲ. ೨೦೦೦ದಿಂದ ೨೦೧೯ರ ವರೆಗಿನ ಇಪ್ಪತ್ತು ವರುಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು ೧೨ ಲಕ್ಷ ಮಂದಿ, ಎಂದರೆ ವರುಷಕ್ಕೆ ಸರಾಸರಿ ೫೮,೦೦೦ ಮಂದಿ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಇವರಲ್ಲಿ ಬಹುತರ ಜನರು ಹಳ್ಳಿಗಳವರು. ಅರ್ಧದಷ್ಟು ಮರಣಗಳು ಜೂನ್‌ನಿಂದ ಸೆಪ್ಟೆಂಬರಿನ ವರೆಗಿನ ಮಳೆಯ ತಿಂಗಳುಗಳಲ್ಲಿಯೇ ಸಂಭವಿಸಿದವು. ೨೦೨೪ನೇ ಇಸವಿಯ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು, ಆಸ್ಪತ್ರೆಗಳು ತಪ್ಪದೆ ವರದಿ ಮಾಡತಕ್ಕ ರೋಗಗಳ ಪಟ್ಟಿಗೆ ಸೇರಿಸಿತು. ಇಷ್ಟಾದರೂ ನಮ್ಮ ದೇಶದಲ್ಲಿರುವ ಮುನ್ನೂರಕ್ಕೂ ಮಿಕ್ಕಿದ ಹಾವಿನ ಜಾತಿಗಳಲ್ಲಿ ಮನುಷ್ಯರ ಪ್ರಾಣವನ್ನು ತೆಗೆಯುವವು ಕೆಲವೇ. ಆ ಕೆಲವರಲ್ಲಿಯೂ ನಾಲ್ಕೇ ನಾಲ್ಕು ಜಾತಿಗಳು ಈ ಮರಣಗಳಲ್ಲಿ ಅತ್ಯಧಿಕ ಪಾಲಿಗೆ ಕಾರಣವಾಗಿವೆ. ಮುನ್ನೂರು ಹಾವುಗಳನ್ನು ಕಲಿಯಬೇಕಾಗಿಲ್ಲ. ನಾಲ್ಕನ್ನು ಚೆನ್ನಾಗಿ ಕಲಿತು, ಆ ನಾಲ್ಕರಂತೆ ಕಾಣುವ ಸಾಧುಹಾವುಗಳನ್ನು ಬೇರ್ಪಡಿಸಲು ಬಲ್ಲವಳಾದರೆ ಮನೆಯೊಡತಿಗೆ ಅಷ್ಟೇ ಸಾಕು.

ಮೊದಲು, ಜನರು ನಂಬಿಕೊಂಡಿರುವ ಕೆಲವು ಸುಲಭದ ಗುರುತುಗಳನ್ನು ಬದಿಗಿಡಬೇಕಾಗಿದೆ. ತ್ರಿಕೋಣಾಕಾರದ ತಲೆಯುಳ್ಳದ್ದು ವಿಷದ ಹಾವು ಎಂದು ಅನೇಕರು ಹೇಳುವರು. ಮಂಡಲದ ಜಾತಿಗಳಿಗೆ ಇದು ಸಲ್ಲುವದು. ಆದರೆ ನಾಗರಹಾವಿನ ತಲೆಯೂ ಕಟ್ಟುಹಾವಿನ ತಲೆಯೂ ತ್ರಿಕೋಣವಲ್ಲ, ಸಾಧುವಾದ ಹೆಬ್ಬಾವಿನ ತಲೆಯೋ ಹೆಚ್ಚುಕಡಿಮೆ ತ್ರಿಕೋಣವೇ. ಕಣ್ಣಿನ ಪಾಪೆ ಬೆಕ್ಕಿನದರಂತೆ ಸೀಳಾಗಿದ್ದರೆ ವಿಷವೆಂದು ಮತ್ತೆ ಕೆಲವರು ಹೇಳುವರು. ನಾಗರಕ್ಕೂ ಕಟ್ಟುಹಾವಿಗೂ ದುಂಡಗಿನ ಪಾಪೆ. ಹೆಬ್ಬಾವಿಗೂ ಬೆಕ್ಕುಹಾವಿಗೂ ಸೀಳುಪಾಪೆ. ಮೇಲಾಗಿ, ಹಾವಿನ ಪಾಪೆಯನ್ನು ನೋಡುವಷ್ಟು ಹತ್ತಿರಕ್ಕೆ ಯಾರು ಹೋಗತಕ್ಕದ್ದು? ಕಡಿದ ಜಾಗದಲ್ಲಿ ಎರಡೇ ಚುಕ್ಕೆಗಳಿದ್ದರೆ ವಿಷ, ಸಾಲು ಗೀರುಗಳಿದ್ದರೆ ವಿಷವಿಲ್ಲ ಎಂಬದು ಎಲ್ಲದಕ್ಕಿಂತಲೂ ಅಪಾಯಕರವಾದ ಮಾತು. ವಿಷದ ಹಾವು ಒಂದೇ ಹಲ್ಲನ್ನು ತಾಗಿಸಿರಬಹುದು, ಎರಡು ಸಾರಿ ಕಡಿದಿರಬಹುದು. ಕಟ್ಟುಹಾವಿನ ಗುರುತಾದರೋ ಎಷ್ಟೋ ವೇಳೆ ಕಣ್ಣಿಗೇ ಬೀಳುವದಿಲ್ಲ. ಎಲ್ಲಾ ಹಾವುಗಳನ್ನೂ ಒಂದೇ ಏಟಿಗೆ ಎರಡು ಪಾಲು ಮಾಡಿಕೊಡುವ ಗುರುತು ಸೃಷ್ಟಿಯಲ್ಲಿಯೇ ಇಲ್ಲ. ಒಬ್ಬೊಬ್ಬ ನೆಂಟರ ಮುಖವನ್ನು ಬೇರೆ ಬೇರೆಯಾಗಿ ಗುರುತಿಟ್ಟುಕೊಳ್ಳುವಂತೆ ಒಂದೊಂದು ಹಾವನ್ನೂ ಅದರದರ ಲಕ್ಷಣದಿಂದಲೇ ಅರಿತುಕೊಳ್ಳಬೇಕು.

ಆ ನಾಲ್ಕರಲ್ಲಿ ಕಟ್ಟುಹಾವನ್ನು ನಾವು ಮೊದಲು ಹೇಳುವೆವು. ನಾಗರವನ್ನು ಎಲ್ಲರೂ ಬಲ್ಲರು. ಇದನ್ನು ಬಲ್ಲವರು ಕಡಿಮೆ. ಕೆಲವು ಕಡೆ ಇದಕ್ಕೆ ಕಡಂಬಳವೆಂದು ಹೆಸರು. ಸಾಧಾರಣವಾಗಿ ಮೂರಡಿ, ಕೆಲವು ಸಾರಿ ನಾಲ್ಕಡಿಗಿಂತಲೂ ಉದ್ದವಾಗಿ ಬೆಳೆಯುವದು. ಮೈ ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪು, ಇಲ್ಲವೆ ನೀಲಿ ಬೆರೆತ ಕಪ್ಪು. ಅದರ ಮೇಲೆ ಹಾಲಿನ ಬಿಳುಪಿನ ತೆಳ್ಳಗಿನ ಅಡ್ಡಪಟ್ಟೆಗಳು, ಬಹುಶಃ ಜೋಡಿಜೋಡಿಯಾಗಿ, ಇರುವವು. ಬೆಳೆದ ಹಾವಿನಲ್ಲಿ ಈ ಪಟ್ಟೆಗಳು ಕುತ್ತಿಗೆಯಿಂದಲೇ ತೊಡಗದೆ, ಸ್ವಲ್ಪ ದೂರ ಬಿಟ್ಟು ತೊಡಗಿ, ಬಾಲದ ಕಡೆಗೆ ಹೋದಂತೆ ಹೆಚ್ಚು ಸ್ಪಷ್ಟವಾಗುವವು. ಇನ್ನೊಂದು ಗುರುತು ಬೆನ್ನಿನ ನಡುವೆ ಇದೆ. ಅಲ್ಲಿ ತಲೆಯಿಂದ ಬಾಲದ ವರೆಗೆ ಒಂದು ಸಾಲು ಹುರುಪೆಗಳು ಮಿಕ್ಕವುಗಳಿಗಿಂತ ದೊಡ್ಡವಾಗಿ, ಆರು ಮೂಲೆಯುಳ್ಳವುಗಳಾಗಿ, ಜೇನುಗೂಡಿನ ಕೋಶಗಳನ್ನು ಸಾಲಾಗಿ ಜೋಡಿಸಿದಂತೆ ಕಾಣುವವು.

ಈ ಹಾವಿನ ನಡತೆಯು ಅದರ ಬಣ್ಣಕ್ಕಿಂತಲೂ ಮುಖ್ಯವಾದದ್ದು. ಹಗಲು ಹೊತ್ತಿನಲ್ಲಿ ಇದು ಮಂಕು ಹಿಡಿದಂತೆ ಸುರುಳಿಯಾಗಿ ತಲೆಯನ್ನು ಮೈಯೊಳಗೆ ಅಡಗಿಸಿ ಬಿದ್ದಿರುವದು. ಆಗ ಇದನ್ನು ಸಾಧುವೆಂದು ತಿಳಿದು ಕೈಯಲ್ಲಿ ಎತ್ತಿದವರೂ ಉಂಟು. ರಾತ್ರಿಯಾದರೆ ಅದೇ ಹಾವು ಚುರುಕಾಗಿ ಇಲಿಯನ್ನೂ ಹಲ್ಲಿಯನ್ನೂ ಬೇರೆ ಹಾವುಗಳನ್ನೂ ಹುಡುಕುತ್ತಾ ಬಾಗಿಲ ಸಂದಿನಿಂದ ಒಳಗೆ ಬರುವದು. ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಗುವು ನಿದ್ದೆಯಲ್ಲಿ ಹೊರಳಿ ಕೈಯನ್ನು ಅದರ ಮೇಲೆ ಹಾಕಿತೆಂದರೆ ಕಚ್ಚುವದು. ನೋವಿಲ್ಲ, ಬಾವಿಲ್ಲ, ರಕ್ತವಿಲ್ಲ. ಇರುವೆ ಕಚ್ಚಿತೋ ಏನೋ ಎಂದು ಮಗುವು ತಿರುಗಿ ಮಲಗುವದು, ಅಥವಾ ಎಚ್ಚರವೇ ಆಗುವದಿಲ್ಲ. ಬೆಳಗಿನ ಜಾವಕ್ಕೆ ಹೊಟ್ಟೆ ನೋವು, ವಾಂತಿ; ತಾಯಿಯು ರಾತ್ರಿ ಉಂಡದ್ದು ಒಗ್ಗಲಿಲ್ಲವೆಂದು ಜೀರಿಗೆ ಕಷಾಯ ಕಾಸುವಳು. ಅಷ್ಟರಲ್ಲಿ ಕಣ್ಣಿನ ರೆಪ್ಪೆಗಳು ತೂಗಿ ಬೀಳುವವು, ಉಗುಳು ನುಂಗಲಾಗುವದಿಲ್ಲ, ಮಾತು ತೊದಲುವದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವವು. ಈ ವಿಷವು ನರದ ತುದಿಯನ್ನೇ ಕೆಡಿಸುವದರಿಂದ, ಒಮ್ಮೆ ಕೆಟ್ಟ ಮೇಲೆ ಮದ್ದು ಅದನ್ನು ತಟ್ಟನೆ ಸರಿಪಡಿಸಲಾರದು. ತಡವಾಗಿ ಬಂದ ರೋಗಿಯನ್ನು ಯಂತ್ರದ ಉಸಿರಿನಿಂದ ದಿನಗಟ್ಟಲೆ ಬದುಕಿಸಬೇಕಾಗುವದು. ಆದಕಾರಣ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದ ಯಾರಿಗಾದರೂ ಮುಂಜಾನೆ ಕಾರಣವಿಲ್ಲದ ಹೊಟ್ಟೆ ನೋವು ಬಂದು ರೆಪ್ಪೆ ಇಳಿದರೆ, ಕಡಿದ ಗುರುತನ್ನು ಹುಡುಕುತ್ತಾ ಕೂಡ್ರದೆ ಹಾವಿನ ಕಡಿತವೆಂದೇ ಎಣಿಸಿ ಆಸ್ಪತ್ರೆಗೆ ಓಡತಕ್ಕದ್ದು. ನಮ್ಮ ಈ ಲೇಖನದಲ್ಲಿ ಇನ್ನೇನನ್ನು ಮರೆತರೂ ಇದೊಂದನ್ನು ನಮ್ಮ ಸಹೋದರಿಯರು ಮರೆಯಬಾರದೆಂದು ಬೇಡುವೆವು.

ಕಟ್ಟುಹಾವಿನ ವೇಷವನ್ನೇ ಹಾಕಿಕೊಂಡಂತೆ ಕಾಣುವ ಸಾಧುಹಾವು ತೋಳಹಾವು. ಬಾಯಿಯ ಮುಂದುಗಡೆ ತೋಳದ ಕೋರೆಯಂಥ ದೊಡ್ಡ ಹಲ್ಲುಗಳಿರುವದರಿಂದ ಈ ಹೆಸರು. ಆದರೆ ಆ ಹಲ್ಲುಗಳಲ್ಲಿ ವಿಷವಿಲ್ಲ, ಜಾರುವ ಹಲ್ಲಿಗಳನ್ನು ಬಿಗಿಯಾಗಿ ಹಿಡಿಯುವದಕ್ಕಾಗಿ ಅವು ಇವೆ. ಇದು ಒಂದು ಅಡಿಯಿಂದ ಎರಡು ಅಡಿ ಉದ್ದದ ಸಣ್ಣ ಹಾವು. ಬಣ್ಣ ಕಂದು, ಅಥವಾ ಬೂದಿ ಬೆರೆತ ಕಂದು. ಇದಕ್ಕೂ ಬಿಳಿ ಇಲ್ಲವೆ ಹಳದಿ ಮಿಶ್ರವಾದ ಅಡ್ಡಪಟ್ಟೆಗಳುಂಟು; ಆದರೆ ಅವು ಕುತ್ತಿಗೆಯ ಹತ್ತಿರ ಕೊರಳಪಟ್ಟಿಯಂತೆ ಅಗಲವಾಗಿ ತೊಡಗಿ ಬಾಲದ ಕಡೆಗೆ ಮಾಸಿ ಹೋಗುವವು. ಕಟ್ಟುಹಾವಿನಲ್ಲಿ ಕ್ರಮವು ಇದಕ್ಕೆ ತಿರುಗುಮುರುಗು. ಬೆನ್ನ ನಡುವಿನ ಹುರುಪೆಗಳೂ ಇದರಲ್ಲಿ ದೊಡ್ಡವಾಗಿಲ್ಲ. ತೋಳಹಾವು ಒರಟು ಗೋಡೆಯನ್ನು ಸಲೀಸಾಗಿ ಏರುವದು. ಬಚ್ಚಲ ಕಿಟಿಕಿಯಲ್ಲಿಯೂ ಬಾಗಿಲ ಚೌಕಟ್ಟಿನ ಮೇಲೂ ಹೆಂಚಿನ ಕೆಳಗೂ ರಾತ್ರಿ ಕಾಣುವ ಪಟ್ಟೆಯ ಹಾವು ಬಹುಶಃ ಇದೇ. ಕಟ್ಟುಹಾವು ಹೆಚ್ಚಾಗಿ ನೆಲವನ್ನೇ ಹಿಡಿದು ಹರಿದಾಡುವದು. ಎಳೆಯ ಕಟ್ಟುಹಾವಿಗೆ ಪಟ್ಟೆಗಳು ಕುತ್ತಿಗೆಯ ಹತ್ತಿರದಿಂದಲೂ ಇರುವದರಿಂದ ಮರಿಗಳಲ್ಲಿ ಈ ಭೇದವನ್ನು ನೆಚ್ಚಿಕೊಳ್ಳಬಾರದು. ಸಂದೇಹವಿದ್ದಲ್ಲಿ ಪಟ್ಟೆಯ ಹಾವೆಲ್ಲವನ್ನೂ ಕಟ್ಟುಹಾವೆಂದೇ ಭಾವಿಸಿ ದೂರ ನಿಲ್ಲುವದು ಯುಕ್ತ.

ಹಾವುಗಳು ಕಳಚಿದ ಪೊರೆಯು ಹಿತ್ತಲಲ್ಲಿ ದೊರೆತರೆ ನಮ್ಮ ಹುಡುಗಿಯರು ಅದನ್ನು ಎಸೆಯದೆ ಬಿಡಿಸಿ ನೋಡಬಹುದು. ಬಣ್ಣವು ಹೋದರೂ ಹುರುಪೆಗಳ ಅಚ್ಚು ಪೊರೆಯಲ್ಲಿ ಹಾಗೆಯೇ ನಿಲ್ಲುವದು. ಬೆನ್ನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲಿದ್ದು, ಬಾಲದ ಅಡಿಯಲ್ಲಿ ಹುರುಪೆಗಳು ಇಬ್ಬಾಗವಾಗದೆ ಇಡಿಯಾಗಿದ್ದರೆ ಆ ಹಿತ್ತಲಲ್ಲಿ ಕಟ್ಟುಹಾವು ಉಂಟು. ತೋಳಹಾವಿನ ಬಾಲದ ಅಡಿಯಲ್ಲಿ ಹುರುಪೆಗಳು ಎರಡೆರಡಾಗಿ ಸೀಳಿರುವವು. ಹಾವಿಲ್ಲದೆಯೇ ಹಾವನ್ನು ಕಲಿಯುವದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಸೃಷ್ಟಿವಿಜ್ಞಾನದ ತರಗತಿಯಲ್ಲಿ ಚಿತ್ರಗಳಿಂದ ಕಲಿಸುವದು ಇದರ ಅರ್ಧದಷ್ಟೂ ಮನಸ್ಸಿನಲ್ಲಿ ನಿಲ್ಲುವದಿಲ್ಲ.

ನಾಗರಹಾವು ಹೆಡೆಯೆತ್ತಿದಾಗ ಗುರುತಿಸಲು ಪಾಠ ಬೇಕಾಗಿಲ್ಲ. ಹೆಡೆಯ ಹಿಂಬದಿಯ ಕನ್ನಡಕದಂಥ ಚಿಹ್ನೆಯನ್ನು ಯಾರು ಕಾಣರು? ಆದರೆ ಹೆಡೆಯು ಯಾವಾಗಲೂ ಬಿಚ್ಚಿರುವದಿಲ್ಲ. ಮಡಿಸಿಕೊಂಡು ಹರಿಯುತ್ತಿರುವಾಗ ನಾಗರವು ಕಂದಾದ, ಗೋದಿಬಣ್ಣದ, ಇಲ್ಲವೆ ಕಪ್ಪಾದ ಒಂದು ಸಾಧಾರಣ ಹಾವು. ಆಗ ಅದನ್ನು ಕೇರೆಹಾವೆಂದೂ, ಕೇರೆಯನ್ನು ನಾಗರವೆಂದೂ ಜನರು ತಪ್ಪಾಗಿ ತಿಳಿಯುವರು. ಕೇರೆಯು ನಾಗರಕ್ಕಿಂತ ಉದ್ದ. ಆರೇಳು ಅಡಿಯ ಕೇರೆ ಅಪರೂಪವಲ್ಲ, ನಾಗರವು ಸಾಮಾನ್ಯವಾಗಿ ಮೂರರಿಂದ ಐದು ಅಡಿ. ಕೇರೆಯ ಕಣ್ಣು ದೊಡ್ಡದು, ಕುತ್ತಿಗೆ ತಲೆಗಿಂತ ಸಪೂರ, ತುಟಿಯ ಹುರುಪೆಗಳ ಅಂಚಿನಲ್ಲಿ ಕಪ್ಪು ಗೀಟುಗಳು ಲೇಖನಿಯಿಂದ ಎಳೆದಂತೆ ಇರುವವು. ಬಾಲವು ನೀಳವಾಗಿ ಸಣ್ಣಗಾಗುತ್ತಾ ಹೋಗುವದು. ನಾಗರದ ಕುತ್ತಿಗೆಯು ತಲೆಯಷ್ಟೇ ದಪ್ಪ, ಬಾಲವು ಗಿಡ್ಡ. ಹಗಲಿನಲ್ಲಿ ಮನುಷ್ಯರನ್ನು ಕಂಡೊಡನೆ ಚಾವಟಿಯಂತೆ ಮಿಂಚಿ ಓಡುವದು ಕೇರೆ. ನಾಗರವು ದಾರಿ ಸಿಕ್ಕದಿದ್ದರೆ ನಿಂತು, ಎದ್ದು, ಬುಸುಗುಟ್ಟಿ ಎಚ್ಚರಿಕೆ ಕೊಡುವದು. ಈ ಎಚ್ಚರಿಕೆಯು ಒಂದು ಉಪಕಾರವೇ. ಮೂರು ನಾಲ್ಕು ಹೆಜ್ಜೆ ಮೆಲ್ಲನೆ ಹಿಂದೆ ಸರಿದರೆ ಅದು ತನ್ನ ಪಾಡಿಗೆ ತಾನು ಹೋಗುವದು.

ಬಡ ಕೇರೆಯ ಮೇಲೆ ನಮ್ಮ ಜನರು ಹೊರಿಸಿರುವ ಅಪವಾದಗಳು ಒಂದೆರಡಲ್ಲ. ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಕುಡಿಯುವದೆಂದು ಹೇಳುವರು. ಹಾವಿಗೆ ಚೀಪುವ ತುಟಿಗಳಿಲ್ಲ. ಅದರ ಹಲ್ಲುಗಳೆಲ್ಲವೂ ಗಂಟಲಿನ ಕಡೆಗೆ ಬಾಗಿದ ಸೂಜಿಗಳು. ಅಂಥ ಬಾಯಿಯನ್ನು ಕೆಚ್ಚಲಿಗೆ ಹಾಕಿದರೆ ಹಸುವು ಸುಮ್ಮನೆ ನಿಂತೀತೇ? ಕೊಟ್ಟಿಗೆಗೆ ಕೇರೆ ಬರುವದು ಹಾಲಿಗಲ್ಲ, ಹಿಂಡಿಯ ಚೀಲವನ್ನು ಕೊರೆಯುವ ಇಲಿಗೆ. ಬಾಲದಲ್ಲಿ ವಿಷವೆಂಬುದೂ ಸುಳ್ಳು. ನಾಗರವೂ ಕೇರೆಯೂ ಕೂಡುವದನ್ನು ತಾವೇ ಕಂಡೆವೆನ್ನುವವರು ಕಂಡದ್ದು ಬಹುಶಃ ಎರಡು ಗಂಡು ಕೇರೆಗಳು ಹೆಣೆದುಕೊಂಡು ಬಲಪರೀಕ್ಷೆ ಮಾಡುವ ಕುಸ್ತಿಯನ್ನು. ಇಲಿಯನ್ನು ತಿನ್ನುವ ಈ ಹಾವನ್ನು ಹೊಡೆದು ಹಾಕಿದ ಹಿತ್ತಲಲ್ಲಿ ಇಲಿಗಳು ಹೆಚ್ಚುವವು. ಇಲಿಯನ್ನು ಹುಡುಕುತ್ತಾ ನಾಗರವೂ ಮಂಡಲವೂ ಬರುವವು. ಹೀಗೆ ಸಾಧುವನ್ನು ಕೊಂದವನು ದುಷ್ಟನಿಗೆ ಆಮಂತ್ರಣ ಕೊಟ್ಟಂತಾಗುವದು. ಅಲ್ಲದೆ ಈ ಹಾವುಗಳನ್ನು ಕೊಲ್ಲುವದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ.

ಮೂರನೆಯದು ಕೊಳಕುಮಂಡಲ, ಕನ್ನಡಿಹಾವು ಎಂಬ ಹೆಸರೂ ಇದಕ್ಕೆ ಕೆಲವು ಕಡೆ ಇದೆ. ಇಂಗ್ಲಿಷ್ ಹೆಸರು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನದು. ಆತನು ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದು ಕೋರಮಂಡಲ ತೀರದ ಹಾವುಗಳನ್ನು ಶೇಖರಿಸಿ ೧೭೯೬ರಲ್ಲಿ ಅವುಗಳ ವಿಷಯವಾಗಿ ಚಿತ್ರಸಹಿತವಾದ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಕೊಳಕುಮಂಡಲವು ತೋರವಾದ ಹಾವು. ತಿಳಿಗಂದು ಮೈಯ ಮೇಲೆ ಕಪ್ಪು ಅಂಚುಳ್ಳ ದೀರ್ಘವೃತ್ತಾಕಾರದ ಕಂದು ಮಚ್ಚೆಗಳು ಮೂರು ಸಾಲುಗಳಲ್ಲಿ, ಸರಪಣಿಯ ಕೊಂಡಿಗಳಂತೆ, ಕ್ರಮವಾಗಿ ಇರುವವು. ತಲೆ ತ್ರಿಕೋಣ, ಕುತ್ತಿಗೆ ಸಪೂರ. ಕೆಣಕಿದರೆ ಅಡಿಗೆಮನೆಯ ಕುಕ್ಕರಿನಿಂದ ಹಬೆ ಹೊರಡುವಂತೆ ದೀರ್ಘವಾಗಿ, ಗಟ್ಟಿಯಾಗಿ ಬುಸುಗುಟ್ಟುವದು. ಒಮ್ಮೆ ಕೇಳಿದವರು ಆ ಸದ್ದನ್ನು ಮರೆಯಲಾರರು. ಓಡಿ ಹೋಗುವ ಅಭ್ಯಾಸ ಇದಕ್ಕೆ ಕಡಿಮೆ. ತರಗೆಲೆಯ ನಡುವೆ ಮಿಸುಕದೆ ಬಿದ್ದಿರುವದರಿಂದಲೇ ಹುಲ್ಲು ಕೊಯ್ಯುವವರೂ ತೋಟಕ್ಕೆ ಬರಿಗಾಲಲ್ಲಿ ಹೋಗುವವರೂ ಇದರ ಮೇಲೆ ಕಾಲಿಡುವರು. ಇದು ಮೊಟ್ಟೆಯಿಡದೆ ಮರಿಗಳನ್ನೇ ಹೆರುವದು, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಕೂಡ. ಗೇಣುದ್ದದ ಆ ಮರಿಗೂ ಹುಟ್ಟಿದ ದಿನದಿಂದಲೇ ವಿಷವುಂಟು. ಸಣ್ಣದೆಂದು ಕಡ್ಡಿಯಿಂದ ಎತ್ತಿ ಎಸೆಯಲು ಹೋಗಬಾರದು.

ಇದರಂತೆ ಕಾಣುವ ಸಾಧುಹಾವುಗಳು ಎರಡು: ಹೆಬ್ಬಾವಿನ ಮರಿ, ಮತ್ತು ಒರಟು ಮೈಯ ಮಣ್ಣುಹಾವು. ಹೆಬ್ಬಾವಿನ ಮಚ್ಚೆಗಳು ಒಂದೊಂದು ಒಂದೊಂದು ಆಕಾರ, ಒಂದಕ್ಕೊಂದು ಅಳತೆಯಿಲ್ಲ. ಮಣ್ಣುಹಾವಿನ ಮಚ್ಚೆಗಳೂ ಒಂದರೊಳಗೊಂದು ಕಲಸಿಕೊಂಡಿರುವವು. ಅದರ ಬಾಲವು ಥಟ್ಟನೆ ಕತ್ತರಿಸಿದಂತೆ ಮೊಂಡು, ಕಣ್ಣು ಸಾಸಿವೆಯಷ್ಟು. ಮಣ್ಣುಹಾವಿನ ಇನ್ನೊಂದು ಜಾತಿಯ ಬಾಲವು ತಲೆಯಂತೆಯೇ ದುಂಡಗಿರುವದರಿಂದ ಅದಕ್ಕೆ ಎರಡು ತಲೆಯ ಹಾವೆಂದು ಹೆಸರಾಗಿ, ಮನೆಯಲ್ಲಿಟ್ಟರೆ ಐಶ್ವರ್ಯ ಬರುವದೆಂದು ನಂಬಿ ಲಕ್ಷಗಟ್ಟಲೆ ರೂಪಾಯಿ ಸುರಿಯುವ ಮೂಢರು ಈಗಲೂ ಉಂಟು. ಐಶ್ವರ್ಯವು ಮಾರಿದವನಿಗೆ ಬರುವದೇನೋ ನಿಜ.

ನಾಲ್ಕನೆಯದಾದ ಗರಗಸಮಂಡಲವು ಬಯಲುಸೀಮೆಯ ಒಣ ಕಲ್ಲುನೆಲದ ಹಾವು. ಘಟ್ಟದ ದಟ್ಟ ಮಳೆಕಾಡಿನವರು ಇದನ್ನು ಕಾಣುವದು ಕಡಿಮೆ. ಒಂದು ಒಂದೂವರೆ ಅಡಿಯ ಈ ಹಾವಿನ ಎರಡು ಪಕ್ಕಗಳಲ್ಲಿಯೂ ಬಿಳಿಯ ಅಲೆಗೆರೆ, ತಲೆಯ ಮೇಲೆ ಹಕ್ಕಿಯ ಹೆಜ್ಜೆಯಂಥ ಬಿಳಿ ಗುರುತು. ಸಿಟ್ಟಿಗೆದ್ದಾಗ ಮೈಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಿಂದ ಮರ ಕೊಯ್ದಂತೆ ಸದ್ದು ಮಾಡುವದು. ಬೆಕ್ಕುಹಾವನ್ನು ಕಂಡು ಇದೆಂದು ಭ್ರಮಿಸುವವರುಂಟು. ಬೆಕ್ಕುಹಾವು ಸಪೂರ, ಉದ್ದ, ಮರಗಿಡಗಳನ್ನು ಏರುವಂಥದು. ಘಟ್ಟದ ಮೇಲಿನ ಮತ್ತು ಕರಾವಳಿಯ ಅಡಿಕೆ, ಕಾಫಿ, ರಬ್ಬರು ತೋಟಗಳವರಿಗೆ ಗರಗಸಮಂಡಲದ ಬದಲಾಗಿ ಬೇರೊಂದು ಸಣ್ಣ ಹಾವಿನ ಎಚ್ಚರಿಕೆ ಬೇಕು: ಮೂತಿಯ ತುದಿ ಮೇಲಕ್ಕೆ ತಿರುಗಿರುವ, ಒಂದಡಿ ಮಾತ್ರದ ಗುಳಿಮಂಡಲ. ತರಗೆಲೆಯ ಬಣ್ಣವೇ ಇದರ ಬಣ್ಣ. ಕಡಿದರೆ ಬಾವೂ ನೋವೂ ಬಹಳ. ಕೆಲವರಿಗೆ ಮೂತ್ರಪಿಂಡಗಳು ಕೆಡುವವು. ನಮ್ಮ ದೇಶದಲ್ಲಿ ತಯಾರಾಗುವ ಹಾವಿನ ಮದ್ದು ಆ ನಾಲ್ಕು ಹಾವುಗಳ ವಿಷಕ್ಕಾಗಿ ಮಾಡಿದ್ದಾಗಿ, ಇದರ ವಿಷಕ್ಕೆ ನಾಟುವದಿಲ್ಲ. ಆದರೂ ಆಸ್ಪತ್ರೆಯೇ ಇದಕ್ಕೂ ಸ್ಥಳ, ಯಾಕಂದರೆ ಮದ್ದಿಲ್ಲದಿದ್ದರೂ ರಕ್ತವನ್ನೂ ಮೂತ್ರಪಿಂಡವನ್ನೂ ನೋಡಿಕೊಳ್ಳುವ ಉಪಾಯಗಳು ಅಲ್ಲಿ ಇವೆ.

ಕಾಳಿಂಗಸರ್ಪದ ಹೆಸರನ್ನು ಇಷ್ಟು ಹೊತ್ತು ಎತ್ತಲಿಲ್ಲವೆಂದು ಮಲೆನಾಡಿನವರು ಮುನಿಯಬಹುದು. ಅದು ಎಲ್ಲಾ ವಿಷದ ಹಾವುಗಳಲ್ಲಿಯೂ ಉದ್ದವಾದದ್ದು. ಆಗುಂಬೆಯ ಕಡೆ ಕೇರೆಯನ್ನೂ ಬೇರೆ ಹಾವುಗಳನ್ನೂ ಅಟ್ಟಿಕೊಂಡು ಮನೆಯಂಗಳಕ್ಕೂ ಬರುವದು. ಆದರೂ ಮನುಷ್ಯರನ್ನು ಕಡಿದ ಸಂಗತಿಗಳು ತೀರ ವಿರಳ. ೨೦೨೪ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಈ ಸರ್ಪವು ಬೇರೆಯೇ ಜಾತಿಯೆಂದು ಕಂಡುಹಿಡಿದು, ನಮ್ಮ ಕನ್ನಡದ ಕಾಳಿಂಗ ಎಂಬ ಹೆಸರನ್ನೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರೆಂಬುದು ನಮಗೆ ಸಂತೋಷದ ಸುದ್ದಿ.

ಇನ್ನು ಹಿತ್ತಲಲ್ಲಿ ಕಾಣುವ ಉಳಿದ ಸಾಧುಗಳ ವಿಷಯವಾಗಿ ಬೇಗನೆ ಹೇಳಿ ಮುಗಿಸುವೆವು. ಕೆರೆಯ, ಗದ್ದೆಯ, ಬಾವಿಯ ನೀರೊಳ್ಳೆಯು ಚೌಕಳಿ ಮೈಯದು, ಕಣ್ಣಿನ ಕೆಳಗೆ ಎರಡು ಕಪ್ಪು ಗೀಟುಗಳುಳ್ಳದ್ದು. ಸಿಡುಕಿನ ಹಾವು, ಕುತ್ತಿಗೆಯನ್ನು ಅಗಲಿಸಿ ನಾಗರದಂತೆ ನಟಿಸುವದು, ಹಿಡಿದರೆ ಕಚ್ಚಿ ರಕ್ತ ಬರಿಸುವದು, ಆದರೆ ವಿಷವಿಲ್ಲ. ಹಸುರುಹಾವಿಗೆ ಬಳ್ಳಿಯಂಥ ಮೈ, ಚೂಪಾದ ಮೂತಿ. ಕಣ್ಣು ಕುಕ್ಕುವದೆಂಬ ಮಾತು ನಿಜವಲ್ಲ. ಹಲ್ಲಿ ಓತಿಗಳನ್ನು ಮಂಕು ಮಾಡುವಷ್ಟು ಮೆಲುವಿಷ ಅದಕ್ಕೆ ಇದ್ದರೂ ಮನುಷ್ಯರಿಗೆ ಸ್ವಲ್ಪ ಬಾವಿಗಿಂತ ಹೆಚ್ಚಿನದಾಗದು. ಬಿದಿರುಮೆಳೆಯಲ್ಲಿ ದಪ್ಪ ಮೈಯ, ಅಗಲ ತಲೆಯ ಹಸುರು ಹಾವು ಕಂಡರೆ ಮಾತ್ರ ಅದು ಬಿದಿರುಮಂಡಲ, ದೂರವಿರಬೇಕು. ಕೊಂಬೇರಿಮೂರ್ಖನು ಕಡಿದು ಮರವೇರಿ, ಸತ್ತವರ ಚಿತೆಯ ಹೊಗೆಯನ್ನು ನೋಡಿಯೇ ಇಳಿಯುವದೆಂದು ಅಜ್ಜಿಯರು ಹೇಳುವರಷ್ಟೆ. ಬೆನ್ನಿನಲ್ಲಿ ಕಂಚಿನ ಬಣ್ಣದ ಪಟ್ಟೆಯುಳ್ಳ ಆ ಸಪೂರದ ಮರಹಾವಿಗೆ ವಿಷವೇ ಇಲ್ಲ, ಅದು ಮರವೇರುವದು ಓತಿಕೇತವನ್ನು ಹುಡುಕಿಕೊಂಡು. ಬಚ್ಚಲ ಕಿಂಡಿಯಿಂದ ಮಳೆಯಲ್ಲಿ ಹೊರಬರುವ, ಎರೆಹುಳದಷ್ಟೇ ಇರುವ ಕಪ್ಪು ಹುಳುಹಾವನ್ನು ಕಟ್ಟುಹಾವಿನ ಮರಿಯೆಂದು ತಿಳಿದು ಉಪ್ಪು ಸುರಿಯುವವರನ್ನು ಕಂಡಿದ್ದೇವೆ. ಅದು ಇರುವೆ ಗೆದ್ದಲುಗಳ ಮೊಟ್ಟೆ ಮರಿಗಳನ್ನು ತಿಂದು ಬದುಕುವ ಕುರುಡು ಪ್ರಾಣಿ. ಅದರಲ್ಲಿ ಗಂಡಿಲ್ಲ, ಎಲ್ಲವೂ ಹೆಣ್ಣುಗಳೇ, ಗಂಡಿನ ನೆರವಿಲ್ಲದೆ ಮೊಟ್ಟೆಯಿಟ್ಟು ಸಂತತಿ ಬೆಳೆಸುವವು. ಹೂಕುಂಡಗಳ ಮಣ್ಣಿನಲ್ಲಿ ಅಡಗಿ ಹಡಗುಗಳನ್ನೇರಿ ಅದು ಎಷ್ಟೋ ಖಂಡಗಳನ್ನು ಸೇರಿದೆ.

ಹಾವು ಬರುವ ದಾರಿಯನ್ನು ಮುಚ್ಚುವದು ಮನೆಯವರ ಕೈಯಲ್ಲಿದೆ. ಬೆಳ್ಳುಳ್ಳಿ, ಫಿನಾಯಿಲು, ಸುಣ್ಣದ ಗೆರೆ ಇವುಗಳನ್ನು ನೆಚ್ಚಬೇಡಿರಿ. ಸೌದೆ, ತೆಂಗಿನ ಮಡಲು, ಒಡೆದ ಹೆಂಚುಗಳ ರಾಶಿಯನ್ನು ಗೋಡೆಗೆ ತಾಗಿಸಿ ಇಡದಿರುವದು. ಅಕ್ಕಿಯ ಡಬ್ಬಿಯನ್ನೂ ಕೋಳಿಯ ಗೂಡನ್ನೂ ಇಲಿಗೆ ಸಿಕ್ಕದಂತೆ ಮಾಡುವದು. ಬಾಗಿಲ ಕೆಳಗಿನ ಸಂದನ್ನು ಗೋಣಿಯಿಂದಲಾದರೂ ತುಂಬುವದು. ಕತ್ತಲಲ್ಲಿ ಹೊರಗೆ ಹೋಗುವಾಗ ಬೆಳಕನ್ನೂ ಕಾಲಿಗೆ ಮೆಟ್ಟನ್ನೂ ಬಿಡದಿರುವದು. ಮಕ್ಕಳನ್ನು ಮಂಚದ ಮೇಲೆ ಮಲಗಿಸಿರಿ. ಮಂಚವಿಲ್ಲದವರು ಸೊಳ್ಳೆಪರದೆಯ ಅಂಚುಗಳನ್ನು ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿರಿ. ಪರದೆ ಕಟ್ಟಿ ಮಲಗುವವರಿಗೆ ಹಾವಿನ ಕಡಿತ ಕಡಿಮೆಯೆಂದು ನೇಪಾಳದ ಹಳ್ಳಿಗಳಲ್ಲಿ ನಡಿಸಿದ ಪರಿಶೀಲನೆಯಿಂದ ತಿಳಿದು ಬಂದಿದೆ. ಸೊಳ್ಳೆಗಾಗಿ ಕೊಂಡ ಪರದೆಯು ಕಟ್ಟುಹಾವನ್ನೂ ಹೊರಗಿಡುವದೆಂದರೆ ಇಷ್ಟು ಅಗ್ಗದ ಕಾವಲು ಮತ್ತಾವದು?

ಒಳಗೆ ಹಾವು ಬಂದೇ ಬಂದಿತೆಂದರೆ ಮಕ್ಕಳನ್ನು ಆ ಕೋಣೆಯಿಂದ ಹೊರಗೆ ಕಳುಹಿಸಿ, ಒಬ್ಬರು ದೂರದಿಂದ ಅದು ಎಲ್ಲಿ ಸರಿಯಿತೆಂದು ನೋಡುತ್ತಿರಲಿ. ಮತ್ತೊಬ್ಬರು ಅರಣ್ಯ ಇಲಾಖೆಯವರಿಗೋ ಹಾವು ಹಿಡಿಯಲು ಕಲಿತವರಿಗೋ ತಿಳಿಸಲಿ. ಕೋಲು ಹಿಡಿದು ಹೊಡೆಯಲು ಹೋಗಿ ಕಡಿಸಿಕೊಂಡವರು ಬಹು ಮಂದಿ. ತಲೆ ಕತ್ತರಿಸಿದ ಹಾವು ಸಹ ಕೆಲವು ಹೊತ್ತಿನ ವರೆಗೆ ಕಚ್ಚಬಲ್ಲದು.

ಕಡಿದರೆ ಮಾಡತಕ್ಕದ್ದು ಸ್ವಲ್ಪ, ಮಾಡಬಾರದ್ದು ಬಹಳ. ಮಂತ್ರದಿಂದಲೂ ಹಾವಿನ ಕಲ್ಲಿನಿಂದಲೂ ಬದುಕಿದವರ ಕಥೆಗಳು ಊರೂರಲ್ಲಿಯೂ ಉಂಟು, ಅವು ಸುಳ್ಳಲ್ಲ. ಆದರೆ ಅವರನ್ನು ಕಡಿದದ್ದು ನೀರೊಳ್ಳೆಯೋ ತೋಳಹಾವೋ ಇರಬಹುದು. ವಿಷದ ಹಾವೇ ಆದರೂ ಎಷ್ಟೋ ಸಾರಿ ಅದು ವಿಷವನ್ನು ಬಿಡದೆ ಬರಿದೇ ಕಡಿಯುವದುಂಟು. ಹಾಗೆ ತಾವಾಗಿಯೇ ಬದುಕುವವರನ್ನು ಬದುಕಿಸಿದ ಕೀರ್ತಿಯು ಕಲ್ಲಿಗೆ ಸಲ್ಲುವದು. ಮುಂದೆ ಒಂದು ದಿನ ನಿಜವಾಗಿ ಕಟ್ಟುಹಾವು ಕಡಿದ ಮಗುವನ್ನು ಅದೇ ಕೀರ್ತಿಯನ್ನು ನಂಬಿ ಅಲ್ಲಿಗೆ ಹೊತ್ತುಕೊಂಡು ಹೋಗುವರು. ಹಾವನ್ನು ಗುರುತಿಸಲು ಅರಿಯದಿರುವದರ ಬೆಲೆಯನ್ನು ಈ ಮಗು ತೆರುವದು.

ಹಗ್ಗದಿಂದ ಬಿಗಿಯಬಾರದು, ರಕ್ತದ ಓಟವು ನಿಂತು ಕೈಕಾಲೇ ಕೊಳೆಯುವದು. ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ಸುಡಬಾರದು, ಸೊಪ್ಪಿನ ರಸ ಹಚ್ಚಬಾರದು. ಬಳೆ, ಉಂಗುರ, ಕಾಲುಂಗುರ, ಗೆಜ್ಜೆಗಳನ್ನು ಬಾವು ಏರುವದಕ್ಕೆ ಮುಂಚೆಯೇ ತೆಗೆದುಬಿಡಬೇಕು; ಹೆಂಗಸರ ವಿಷಯದಲ್ಲಿ ಇದನ್ನು ಮರೆತು ಆಮೇಲೆ ಬಳೆಯನ್ನು ಕತ್ತರಿಸಬೇಕಾಗುವದು. ಮೂಳೆ ಮುರಿದಾಗ ಮಾಡುವಂತೆ ಕಡಿದ ಕೈಗೋ ಕಾಲಿಗೋ ಹಲಗೆಯನ್ನು ಸಡಿಲವಾಗಿ ಕಟ್ಟಿ ಆಡದಂತೆ ಇಡಬೇಕು. ನಡೆಯಿಸದೆ, ಓಡಿಸದೆ, ಧೈರ್ಯ ಹೇಳುತ್ತಾ ಒಯ್ಯಬೇಕು. ಕಡಿದ ಹೊತ್ತನ್ನು ನೆನಪಿಟ್ಟುಕೊಳ್ಳಿರಿ. ೧೦೮ಕ್ಕೆ ದೂರವಾಣಿ ಮಾಡಿ, ಹಾವಿನ ಮದ್ದು ಇರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ ನೆಟ್ಟಗೆ ಅಲ್ಲಿಗೆ ಹೋಗಿರಿ. ಯಾವ ಆಸ್ಪತ್ರೆಯಲ್ಲಿ ಅದು ಇರುವದೆಂದು ಮಳೆಗಾಲಕ್ಕೆ ಮೊದಲೇ ಕೇಳಿ ತಿಳಿದಿದ್ದರೆ ಮತ್ತೂ ಒಳ್ಳೆಯದು.

ಈ ಮದ್ದನ್ನು ತಯಾರಿಸುವ ಕ್ರಮವೂ ತಿಳಿಯತಕ್ಕದ್ದೇ. ತಮಿಳುನಾಡಿನಲ್ಲಿ ಇರುಳರೆಂಬ ಬುಡಕಟ್ಟಿನವರು, ಹಿಂದೆ ಹಾವಿನ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದವರು, ೧೯೭೮ರಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಅವರು ಆ ನಾಲ್ಕು ಜಾತಿಯ ಹಾವುಗಳನ್ನು ಹಿಡಿದು ವಿಷವನ್ನು ತೆಗೆದು ಹಾವುಗಳನ್ನು ತಿರುಗಿ ಬಿಟ್ಟುಬಿಡುವರು. ಆ ವಿಷವನ್ನು ಅತಿ ಸ್ವಲ್ಪಸ್ವಲ್ಪವಾಗಿ ಕುದುರೆಗಳಿಗೆ ಚುಚ್ಚಲಾಗಿ ಕುದುರೆಯ ರಕ್ತದಲ್ಲಿ ಅದನ್ನು ಎದುರಿಸುವ ಸತ್ವವು ಹುಟ್ಟುವದು. ಅದನ್ನು ಶೋಧಿಸಿ ಶೀಶೆಗಳಲ್ಲಿ ತುಂಬುವರು. ನಾಲ್ಕು ಹಾವುಗಳಿಗೂ ಒಂದೇ ಶೀಶೆ. ಆದದರಿಂದ ಕಡಿದ ಹಾವನ್ನು ಅಟ್ಟಿ ಕೊಂದು ಆಸ್ಪತ್ರೆಗೆ ಕೊಂಡೊಯ್ಯುವದರಲ್ಲಿ ಹೊತ್ತು ಕಳೆಯಬೇಕಾಗಿಲ್ಲ. ವೈದ್ಯರು ರೋಗಿಯ ಲಕ್ಷಣಗಳಿಂದಲೇ ನಡೆಯುವರು. ರೆಪ್ಪೆ ಇಳಿದಿದೆಯೋ, ಬಾವು ಏರುತ್ತಿದೆಯೋ ಎಂದು ನೋಡುವರು. ಸ್ವಲ್ಪ ರಕ್ತವನ್ನು ಶುಚಿಯಾದ ಒಣ ಗಾಜಿನ ನಳಿಗೆಯಲ್ಲಿ ಹಾಕಿ ೨೦ ನಿಮಿಷ ಅಲುಗಾಡಿಸದೆ ಇಟ್ಟು ಓರೆಮಾಡುವರು. ರಕ್ತವು ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷವು ಮೈಗೆ ಸೇರಿದೆಯೆಂದು ಗೊತ್ತಾಗುವದು. ಕಟ್ಟುಹಾವಿನ ಸಂದೇಹವಿದ್ದಲ್ಲಿ ಮಾತ್ರ ರಕ್ತವು ಸರಿಯಾಗಿದ್ದು ರೋಗಿಯು ನಗುತ್ತಾ ಮಾತಾಡುತ್ತಿದ್ದರೂ ಮನೆಗೆ ಕಳುಹಿಸಬೇಕೆಂದು ಒತ್ತಾಯ ಮಾಡಕೂಡದು. ಒಂದು ಹಗಲು ಒಂದು ರಾತ್ರಿ ಪೂರ್ತಿಯಾಗಿ ಕಳೆಯುವ ವರೆಗೆ ವೈದ್ಯರ ಕಣ್ಣ ಮುಂದೆಯೇ ಇರಿಸತಕ್ಕದ್ದು.